ಏಳನೆಯ ತರಗತಿಯ ಆಚೆ: ಆಳಂದ, ಅಫಜಲಪುರ, ಜೇವರ್ಗಿಯ ಹೆಣ್ಣುಮಕ್ಕಳು ಮತ್ತು ಪ್ರೌಢಶಾಲೆ



ಹಿರಿಯ ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕದಲ್ಲಿ ‘ಶಾಲೆ ಬಿಟ್ಟ ಕಾರಣ’ ಎಂದು ಒಂದು ಅಂಕಣವಿರುತ್ತದೆ. ಏಳನೆಯ ತರಗತಿ ಮುಗಿಸಿದ ಹುಡುಗಿಯ ಹೆಸರಿನ ಎದುರಿಗೆ ಅಲ್ಲಿ ಹೆಚ್ಚಾಗಿ ಕಾಣುವ ಬರಹ ‘ಮುಂದಿನ ವ್ಯಾಸಂಗಕ್ಕಾಗಿ’. ಮುಖ್ಯಗುರುಗಳು ಸುಳ್ಳು ಬರೆದಿರುವುದಿಲ್ಲ. ಮಗು ಏಳು ಪಾಸಾಗಿದೆ, ಟಿಸಿ ಕೊಡಬೇಕು, ಕೊಟ್ಟಿದ್ದಾರೆ. ಆ ಟಿಸಿ ಪಕ್ಕದೂರಿನ ಪ್ರೌಢಶಾಲೆಯ ಮೇಜು ಮುಟ್ಟಿತೋ, ಮನೆಯ ಟ್ರಂಕಿನಲ್ಲಿ ರೇಷನ್ ಕಾರ್ಡಿನ ಕೆಳಗೇ ಉಳಿಯಿತೋ ಎಂದು ಬರೆಯುವ ಅಂಕಣ ಆ ಪುಸ್ತಕದಲ್ಲಿಲ್ಲ. ಪ್ರೌಢಶಾಲೆಯ ಪುಸ್ತಕದಲ್ಲಿ ಬಂದವರ ಹೆಸರಿರುತ್ತದೆ. ಬರದವರದ್ದು ಇರುವುದಾದರೂ ಹೇಗೆ? ಎರಡು ಪುಸ್ತಕಗಳ ನಡುವೆ ಒಬ್ಬ ಹುಡುಗಿ ಇಲ್ಲವಾಗುತ್ತಾಳೆ, ಎರಡೂ ಶಾಲೆಗಳ ಲೆಕ್ಕ ಮಾತ್ರ ಸರಿಯಾಗಿಯೇ ಇರುತ್ತದೆ.

ನಾನು ಈ ಭಾಗದ ಪ್ರೌಢಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾದವಳು. ನಮ್ಮ ಸಭೆಗಳಲ್ಲಿ, ತರಬೇತಿಗಳಲ್ಲಿ, ವರದಿಗಳಲ್ಲಿ ಹೆಣ್ಣುಮಕ್ಕಳು ಪ್ರೌಢಶಾಲೆಗೆ ಯಾಕೆ ಬರುವುದಿಲ್ಲ ಎಂಬ ಪ್ರಶ್ನೆಗೆ ಸಿದ್ಧ ಉತ್ತರವೊಂದಿದೆ: ಪಾಲಕರ ಮನಸ್ಥಿತಿ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಏಳು ವರ್ಷ ಅದೇ ತಂದೆ, ಅದೇ ತಾಯಿ, ಅದೇ ಮಗಳಿಗೆ ಜಡೆ ಹಾಕಿ, ರಿಬ್ಬನ್ನು ಕಟ್ಟಿ ಕಳಿಸಿದ್ದರು. ಏಪ್ರಿಲ್ಲಿಗೂ ಜೂನಿಗೂ ನಡುವೆ ಅವರ ಮನಸ್ಸು ತಿರುಗಿಬಿಟ್ಟಿತೆಂದು ನಂಬುವುದು ಕಷ್ಟ. ಆ ಎರಡು ತಿಂಗಳಲ್ಲಿ ನಿಜವಾಗಿ ಬದಲಾದದ್ದು ಶಾಲೆ ಇರುವ ಜಾಗ. ಅಲ್ಲಿಯವರೆಗೆ ಊರೊಳಗಿದ್ದ ಶಾಲೆ ಊರಾಚೆಗೆ ಹೋಯಿತು. ಆಮೇಲಿನ ಭಯ, ದುಡಿಮೆ, ಮದುವೆ ಎಲ್ಲ ಆ ದಾರಿಯ ಮೇಲೇ ಹುಟ್ಟಿದವು ಎಂಬುದು ನನ್ನ ತಿಳಿವಳಿಕೆ. ಇಂದು ಹೇಳಲು ಬಂದಿರುವುದೂ ಅದನ್ನೇ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ತಾಲೂಕುಗಳು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಮೇಲಿನ ತರಗತಿಗಳ ಕಲಿಕೆ ಉರ್ದುವಿನಲ್ಲಿ ನಡೆಯುತ್ತಿತ್ತು. ಕನ್ನಡದ ಮಕ್ಕಳಿಗೆ ಊರಲ್ಲಿ ಗಾವಠಿ ಶಾಲೆ ಸಿಕ್ಕರೆ ಅದೇ ಭಾಗ್ಯ. ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಶುರುವಾದದ್ದು ಅಂಥ ಬರಗಾಲದಲ್ಲಿ. ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು 1934ರಲ್ಲಿ ಅಕ್ಕಮಹಾದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆಂದೇ ಕನ್ನಡ ಶಾಲೆ ತೆರೆದರು. ಮಠದ ಸ್ವಾಮಿಗಳೇ ನಿಂತು ಹೆಣ್ಣುಮಕ್ಕಳನ್ನು ಶಾಲೆಗೆ ಕರೆದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಆದರೆ ಅದು ಕಲಬುರಗಿ ಪಟ್ಟಣದಲ್ಲಿತ್ತು. ಆಳಂದದ ಗಡಿಯ ಹಳ್ಳಿಗೂ ಭೀಮೆಯ ದಂಡೆಯ ಮಣ್ಣೂರಿಗೂ ಅದು ಬಹಳ ದೂರ. ಇಂದು ಎಂಟನೆಯ ತರಗತಿಯ ಬಾಗಿಲಲ್ಲಿ ನಿಂತಿರುವ ಹುಡುಗಿಯ ಮುತ್ತಜ್ಜಿಗೆ ಪ್ರೌಢಶಾಲೆ ಎಂಬುದೇ ಗೊತ್ತಿರಲಿಲ್ಲ, ಅಜ್ಜಿಗೆ ಕೇಳಿ ಗೊತ್ತಿತ್ತು, ತಾಯಿ ಹೊರಗಿನಿಂದ ನೋಡಿದ್ದಾಳೆ. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಗಂಡಸರ ಸಾಕ್ಷರತೆ ಶೇ. 74.38 ಇದ್ದರೆ ಹೆಂಗಸರದ್ದು ಶೇ. 55.09. ಆ ವರ್ಷ ಹುಟ್ಟಿದ ಹುಡುಗಿಯೇ ಒಂದೆರಡು ವರ್ಷದ ಹಿಂದೆ ಎಂಟನೆಯ ತರಗತಿಗೆ ಬರಬೇಕಿತ್ತು. ಮನೆಯಲ್ಲಿ ಅವಳ ಮನೆಪಾಠ ನೋಡುವ ತಾಯಿ ಇದ್ದಾಳೆಯೇ ಇಲ್ಲವೇ ಎಂಬುದನ್ನು ಆ ಅಂಕಿಯೇ ಹೇಳುತ್ತದೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಕಲಬುರಗಿ ವಿಭಾಗದವೇ ಆಗಿದ್ದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ಆಮೇಲೆ ಈ ಭಾಗಕ್ಕೆಂದು ಸಂವಿಧಾನದಲ್ಲಿ 371(ಜೆ) ವಿಧಿ ಬಂತು, ಅಭಿವೃದ್ಧಿ ಮಂಡಳಿ ಬಂತು, ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಬಂದು ಆಳಂದ ತಾಲೂಕಿನ ಕಡಗಂಚಿಯಲ್ಲೇ ನೆಲೆಯೂರಿತು. ದೇಶದ ಬೇರೆ ಬೇರೆ ರಾಜ್ಯಗಳ ಹೆಣ್ಣುಮಕ್ಕಳು ರೈಲು ಹತ್ತಿ ಬಂದು ಕಡಗಂಚಿಯಲ್ಲಿ ಎಂ.ಎ., ಪಿಎಚ್.ಡಿ. ಮಾಡುತ್ತಾರೆ. ಅದನ್ನು ಕಂಡು ನನಗೆ ಹೆಮ್ಮೆ. ಅದೇ ತಾಲೂಕಿನ ತಾಂಡಾದ ಹುಡುಗಿಗೆ ನಾಲ್ಕು ಕಿಲೋಮೀಟರ್ ದೂರದ ಎಂಟನೆಯ ತರಗತಿ ಸಿಗಲಿಲ್ಲವಲ್ಲ ಎಂಬ ಸಂಕಟವೂ ಅದರ ಜೊತೆಗೇ ಇದೆ.

ಈಗ ದಾರಿಗೆ ಬರುತ್ತೇನೆ.

ಸರ್ಕಾರದ ಲೆಕ್ಕದಲ್ಲಿ ಕಿರಿಯ ಪ್ರಾಥಮಿಕ ಶಾಲೆ 1 ಕಿ.ಮೀ. ಒಳಗೆ, ಹಿರಿಯ ಪ್ರಾಥಮಿಕ 3 ಕಿ.ಮೀ. ಒಳಗೆ, ಪ್ರೌಢಶಾಲೆ 5 ಕಿ.ಮೀ. ಒಳಗೆ ಇರಬೇಕು. ನಕಾಶೆಯ ಮೇಲೆ 5 ಕಿ.ಮೀ. ದೊಡ್ಡದಲ್ಲ. ಆದರೆ ನಮ್ಮದು ಎರೆ ಭೂಮಿ. ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಒಂದೇ ತಿಂಗಳು. 2006ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಒಳ್ಳೆಯ ಕೆಲಸ, ಅದರ ಮಾತು ಮುಂದೆ ಬರುತ್ತದೆ. ಜೇವರ್ಗಿ ಕಡೆಯ ಹೊಲದ ದಾರಿಯಲ್ಲಿ ಜುಲೈ ತಿಂಗಳಲ್ಲಿ ಆ ಸೈಕಲ್ ನಡೆಸುವುದು ಹೇಗಿರುತ್ತದೆಂದು ನೋಡಿದವರಿಗೇ ಗೊತ್ತು. ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಗಿಡಿದು ಕೂರುತ್ತದೆ, ಗಾಲಿ ತಿರುಗುವುದೇ ನಿಲ್ಲುತ್ತದೆ. ಹುಡುಗಿ ಇಳಿಯುತ್ತಾಳೆ, ಜಾಲಿಯ ಕಡ್ಡಿ ಮುರಿದು ಮಣ್ಣು ಕೆದರಿ ತೆಗೆಯುತ್ತಾಳೆ, ಹತ್ತು ಮಾರು ಹೋಗುವಷ್ಟರಲ್ಲಿ ಮತ್ತೆ ಅದೇ. ಚಪ್ಪಲಿಗೆ ಒಂದೊಂದು ಕಿಲೋ ಮಣ್ಣು. ಕಡೆಗೆ ಚಪ್ಪಲಿ ಕ್ಯಾರಿಯರಿಗೆ ಸಿಕ್ಕಿಸಿ, ಲಂಗ ಮೇಲಕ್ಕೆ ಎತ್ತಿ ಕಟ್ಟಿ ಸೈಕಲ್ ದಬ್ಬಿಕೊಂಡು ಶಾಲೆ ಮುಟ್ಟುವಾಗ ಪ್ರಾರ್ಥನೆ ಮುಗಿದಿರುತ್ತದೆ. ತಡವಾಗಿ ಬಂದವರ ಸಾಲಿನಲ್ಲಿ, ಮೊಣಕಾಲ ತನಕ ಕೆಸರು ಮೆತ್ತಿಕೊಂಡು, ಹುಡುಗರ ಎದುರು ನಿಲ್ಲಬೇಕು. ಅಂಥ ಹುಡುಗಿಯನ್ನು ಬೈದು ತರಗತಿಯೊಳಗೆ ಕಳಿಸಿದ ಶಿಕ್ಷಕರನ್ನು ನೋಡಿದ್ದೇನೆ. ಕಾಲು ತೊಳೆಯಲು ಒಂದು ಬಕೆಟ್ ನೀರು ಇಟ್ಟ ಶಿಕ್ಷಕರನ್ನೂ ನೋಡಿದ್ದೇನೆ. ನೀರು ಇಟ್ಟವರ ಶಾಲೆಗೆ ಮರುದಿನವೂ ಅವಳು ಬರುತ್ತಾಳೆ.

ಅಫಜಲಪುರ, ಜೇವರ್ಗಿಯ ಹೊಳೆಸಾಲಿನ ಊರುಗಳಿಗೆ ಭೀಮೆಯ ತಾಪತ್ರಯ ಬೇರೆ. 2020ರ ಅಕ್ಟೋಬರಿನ ಪ್ರವಾಹದಲ್ಲಿ ಊರಿಗೆ ಊರೇ ನೀರಲ್ಲಿ ನಿಂತಿತ್ತು. ಅಷ್ಟು ದೊಡ್ಡ ಪ್ರವಾಹ ಬರಬೇಕೆಂದೇನಿಲ್ಲ, ಮೇಲಿನಿಂದ ನೀರು ಬಿಟ್ಟಾಗ ಹಳ್ಳ ತುಂಬಿದರೂ ಸಾಕು, ಊರಿನ ಸಂಪರ್ಕ ಕಡಿಯುತ್ತದೆ. ಹುಡುಗ ಈಜಿ ಹೋದಾನು, ದಿನವಿಡೀ ಆಚೆ ದಂಡೆಯಲ್ಲೇ ಉಳಿದಾನು. ಹುಡುಗಿ ಒಂದು ರಾತ್ರಿ ಆಚೆ ಉಳಿದರೆ ಊರು ಆಡುವ ಮಾತೇ ಬೇರೆ.

ಬಸ್ಸಿದೆಯಲ್ಲ, ಅದೂ ಈಗ ಪುಕ್ಕಟೆ, ಎಂದು ಕೇಳುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ನಿಜ. ಬಡವರ ಮನೆಗೆ ಇದರಿಂದ ಆದ ಉಪಕಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಟಿಕೆಟ್ಟಿನ ದುಡ್ಡು ಒಂದು ಅಡ್ಡಿ ಮಾತ್ರವಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಬರಬೇಕಾದ ಬಸ್ಸು ಹತ್ತೂವರೆಗೆ ಬಂದರೆ, ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟಮೇಲೆ ಮುಂದಿನ ಬಸ್ಸು ಏಳಕ್ಕೆ ಇದ್ದರೆ, ಪುಕ್ಕಟೆ ಎಂಬುದರಿಂದ ಆ ಹುಡುಗಿಗೆ ಆಗುವುದೇನು? ಚಳಿಗಾಲದಲ್ಲಿ ಆರಕ್ಕೆಲ್ಲ ಕತ್ತಲೆ. ಬಸ್‌ಸ್ಟ್ಯಾಂಡಿನಲ್ಲಿ ಎರಡೂವರೆ ತಾಸು ಹದಿಮೂರು ವರ್ಷದ ಮಗಳು ಕುಳಿತಿರಬೇಕು. ಎದುರಿಗೆ ಪಾನ್ ಡಬ್ಬಿ, ಅದರ ಮುಂದೆ ಕೆಲಸವಿಲ್ಲದ ಹುಡುಗರು, ಅವರ ಕೈಯಲ್ಲಿ ಮೊಬೈಲು. ಜೇವರ್ಗಿ ತಾಲೂಕಿನ ಒಬ್ಬ ತಾಯಿ ನನಗೆ ಹೇಳಿದ ಮಾತು ಇದು: “ಅಕ್ಕೋರೆ, ಊರಾಗ ಸಾಲಿ ಇದ್ರ ನಾ ಯಾಕ ಬಿಡಿಸ್ತಿದ್ದೆ? ಆಕಿ ಮನಿ ಮುಟ್ಟೋ ತನಕ ನನ್ನ ಜೀವದಾಗ ಜೀವ ಇರಂಗಿಲ್ಲ. ದಿನಾ ಹಿಂಗ ಸಾಯೋದಕ್ಕಿಂತ ಮನ್ಯಾಗ ಇರ್ಲಿ ಅಂದೆ.” ಈ ಮಾತಿನಲ್ಲಿ ಎಲ್ಲಿಯಾದರೂ ಕಲಿಕೆಯ ಬಗ್ಗೆ ತಿರಸ್ಕಾರವಿದೆಯೇ? ಆಕೆಗೆ ಭಯವಿದೆ. ಆ ಭಯಕ್ಕೆ ಕಾರಣವೂ ಇದೆ. ಅದನ್ನು ಮನಸ್ಥಿತಿ ಎಂದು ಕರೆದುಬಿಟ್ಟರೆ ಬಸ್ಸಿನ ವೇಳೆ ಸರಿಮಾಡುವ ಕೆಲಸ ನಮಗೆ ತಪ್ಪುತ್ತದೆ, ಅಷ್ಟೆ.

ಈ ಭಯ ಏಳನೆಯ ತರಗತಿಗೇ ಯಾಕೆ ಬರುತ್ತದೆ ಎಂಬುದನ್ನು ತಾಯಂದಿರಿಗೆ ವಿವರಿಸಬೇಕಾಗಿಲ್ಲ. ಮಗಳು ದೊಡ್ಡವಳಾಗುವುದು ಆ ವಯಸ್ಸಿನಲ್ಲೇ. ಆ ವರ್ಷವೇ ಶಾಲೆ ಊರು ಬಿಟ್ಟು ಹೊರಗೆ ಹೋಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಕಾವಲು ಸಹ 14 ವರ್ಷಕ್ಕೆ, ಎಂಟನೆಯ ತರಗತಿಗೆ ಮುಗಿಯುತ್ತದೆ. ಕರ್ನಾಟಕದ ಹೈಕೋರ್ಟು 2013ರಲ್ಲಿ ಶಾಲೆ ಬಿಟ್ಟ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡು ಮನೆಮನೆ ಸಮೀಕ್ಷೆಗೆ ಸರ್ಕಾರವನ್ನು ಎಬ್ಬಿಸಿತು. ಆದರೂ ಅಧಿಕಾರಿಗಳ ಕಣ್ಣೆಲ್ಲ ಆರರಿಂದ ಹದಿನಾಲ್ಕರ ಮೇಲೆ. ಒಂಬತ್ತಕ್ಕೆ ಹೋಗದ ಹದಿನೈದರ ಹುಡುಗಿಯನ್ನು ಹುಡುಕಿಕೊಂಡು ಹೋಗುವ ಹೊಣೆ ಕಾನೂನಿನಲ್ಲಿ ಯಾರ ತಲೆಯ ಮೇಲೂ ಇಲ್ಲ.

ಶೌಚಾಲಯದ ಮಾತನ್ನು ಸಭೆಯಲ್ಲಿ ಆಡಲು ಗಂಡಸರು ಹಿಂಜರಿಯುತ್ತಾರೆ, ನಾನು ಆಡುತ್ತೇನೆ. ನಮ್ಮ ಶಾಲೆಗಳಲ್ಲಿ ಶೌಚಾಲಯದ ಕಟ್ಟಡ ಇಲ್ಲದಿರುವುದು ಈಗ ಕಡಿಮೆ. ನೀರಿಲ್ಲ, ಚಿಲಕವಿಲ್ಲ, ಬೀಗದ ಕೈ ಸ್ಟಾಫ್ ರೂಮಿನ ಮೊಳೆಗೆ ನೇತಾಡುತ್ತದೆ. ಹುಡುಗಿ ಗಂಡು ಮಾಸ್ತರರ ಮುಂದೆ ಬಂದು ಬೀಗದ ಕೈ ಕೇಳಬೇಕು. ಕೇಳುವುದಿಲ್ಲ. ಬೆಳಿಗ್ಗೆಯಿಂದ ನೀರು ಕುಡಿಯದೆ ಇರುತ್ತಾಳೆ. ತಿಂಗಳ ಆ ದಿನಗಳಲ್ಲಿ ಮನೆಯಲ್ಲೇ ಉಳಿಯುತ್ತಾಳೆ. ತಿಂಗಳಿಗೆ ನಾಲ್ಕು ದಿನ ತಪ್ಪಿದರೆ ಗಣಿತ ಕೈಬಿಡುತ್ತದೆ, ಗಣಿತ ಬಿಟ್ಟರೆ ಶಾಲೆ ಬಿಟ್ಟ ಹಾಗೆಯೇ. ಶುಚಿ ಯೋಜನೆಯ ಪ್ಯಾಡುಗಳು ಬಂದವು, ಕೊರೊನಾ ಕಾಲದಿಂದ ಕೆಲವು ವರ್ಷ ನಿಂತವು, ಮತ್ತೆ ಬಂದವು. ಹೆಣ್ಣುಮಕ್ಕಳ ದೇಹ ಬಜೆಟ್ಟಿಗಾಗಿ ಕಾಯುವುದಿಲ್ಲ.

ಮದುವೆಯ ಬಗ್ಗೆ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂಬುದನ್ನು ತಿರುವುಮುರುವಾಗಿ ಹಿಡಿದಿದ್ದೇವೆ ಎಂದು ನನಗೆ ಅನಿಸುತ್ತದೆ. ಬಾಲ್ಯವಿವಾಹದಿಂದ ಹುಡುಗಿಯರು ಶಾಲೆ ಬಿಡುತ್ತಾರೆ ಎನ್ನುತ್ತೇವೆ. ನಾನು ಕಂಡ ಮನೆಗಳಲ್ಲಿ ಹೆಚ್ಚಾಗಿ ಮೊದಲು ಶಾಲೆ ಬಿಟ್ಟಿತು, ಮದುವೆ ಒಂದೆರಡು ವರ್ಷದ ಮೇಲೆ ಬಂತು. ಏಳು ಮುಗಿಸಿದ ಹುಡುಗಿ ಮನೆಯಲ್ಲಿ ಉಳಿದಳು. ಹೊಲಕ್ಕೆ ಹೋದಳು, ರೊಟ್ಟಿ ಬಡಿದಳು, ತಮ್ಮನನ್ನು ಎತ್ತಿಕೊಂಡಳು. ಬಂದ ನೆಂಟರೆಲ್ಲ, “ಪೋರಿ ಖಾಲಿ ಕುಂತಾಳಲ್ಲ, ಎಲ್ಲ್ಯಾರ ನೋಡ್ರಿ” ಎನ್ನತೊಡಗಿದರು. ಸೋದರಮಾವನೋ, ಅತ್ತೆಯ ಮಗನೋ ಇದ್ದರೆ ಮಾತು ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ಅಕ್ಕನ ಮದುವೆಯ ಹಂದರದಲ್ಲೇ ತಂಗಿಯದೂ ಮುಗಿದುಹೋಗುತ್ತದೆ, ಯಾಕೆಂದರೆ ಒಂದೇ ಊಟ, ಒಂದೇ ಬಾಜಾ. ಶಾಲೆಯ ಸಮವಸ್ತ್ರದಲ್ಲಿರುವ ಹುಡುಗಿಯ ಬಗ್ಗೆ ಇಂಥ ಮಾತು ತೆಗೆಯಲು ನೆಂಟರು ಸ್ವಲ್ಪ ಅಂಜುತ್ತಾರೆ. ಶಿಕ್ಷಕರು ಕೇಳುತ್ತಾರೆ, ಅಂಗನವಾಡಿಯಾಕೆ ಕೇಳುತ್ತಾಳೆ, ಗೆಳತಿಯರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡುತ್ತಾರೆ. ಆ ಸಮವಸ್ತ್ರ ಅವಳನ್ನು ಕಾಯುತ್ತದೆ. ಕೊರೊನಾದಲ್ಲಿ ಶಾಲೆ ಮುಚ್ಚಿದಾಗ ಎಷ್ಟು ಮನೆಗಳಲ್ಲಿ ಸದ್ದಿಲ್ಲದೆ ಅಕ್ಷತೆ ಬಿತ್ತು ಎಂಬುದು ಇಲ್ಲಿ ಕುಳಿತವರಿಗೆ ತಿಳಿಯದ್ದೇನಲ್ಲ.

ನಮ್ಮಲ್ಲಿ ಕಾನೂನು ಸಾಕಷ್ಟಿದೆ. ಬಾಲ್ಯವಿವಾಹದ ಬಗ್ಗೆ ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ 2011ರಲ್ಲಿ ವರದಿ ಕೊಟ್ಟಿತು. 2016ರ ರಾಜ್ಯ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲ ಗಳಿಗೆಯಿಂದಲೇ ಅಸಿಂಧು. ದೇಶದಲ್ಲಿ ಇಷ್ಟು ಗಟ್ಟಿಯಾದ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು. ಆದರೂ 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ. 21.3ರಷ್ಟು ಜನರಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಪೊಲೀಸರು ಹಂದರಕ್ಕೆ ಬಂದು ನಿಲ್ಲಿಸಿದ ಮದುವೆ ಎಷ್ಟೋ ಸಲ ಮುಂದಿನ ವಾರ ಗಡಿಯಾಚೆ, ಅಕ್ಕಲಕೋಟೆಯ ಕಡೆಯ ನೆಂಟರ ಮನೆಯಲ್ಲಿ ನಡೆಯುತ್ತದೆ. ಬಾಂಗ್ಲಾದೇಶ 1994ರಲ್ಲಿ ಬೇರೆ ದಾರಿ ಹಿಡಿಯಿತು. ಪ್ರೌಢಶಾಲೆಗೆ ಬರುವ ಹಳ್ಳಿಯ ಹುಡುಗಿಯರಿಗೆಲ್ಲ ವಿದ್ಯಾರ್ಥಿವೇತನ ಕೊಟ್ಟಿತು, ಷರತ್ತು, ಶೇ. 75 ಹಾಜರಿ ಮತ್ತು ಹತ್ತನೆಯ ಪರೀಕ್ಷೆ ಮುಗಿಯುವ ತನಕ ಮದುವೆಯಿಲ್ಲ. ನಮ್ಮಂತೆಯೇ ಬಡತನ, ನಮ್ಮಂತೆಯೇ ಮರ್ಯಾದೆಯ ಮಾತು ಇರುವ ನಾಡದು; ಅಲ್ಲಿ ಪ್ರೌಢಶಾಲೆಯಲ್ಲಿ ಹುಡುಗಿಯರ ಸಂಖ್ಯೆ ಹುಡುಗರ ಸಮಕ್ಕೆ ಬಂದಿತು. ನಮ್ಮ ಭಾಗ್ಯಲಕ್ಷ್ಮಿ ಯೋಜನೆಯೂ 2006-07ರಿಂದ ಇಂಥದೇ ಆಸೆ ಇಟ್ಟುಕೊಂಡಿತ್ತು, 18ರವರೆಗೆ ಮದುವೆ ಮಾಡಬಾರದೆಂದಿತು. ಆದರೆ ಓದಿನ ಷರತ್ತನ್ನು ಎಂಟನೆಯ ತರಗತಿಗೇ ಮುಗಿಸಿತು. ಎಂಟನೆಯ ತರಗತಿಯಿಂದ ಹದಿನೆಂಟನೆಯ ವರ್ಷದವರೆಗಿನ ನಡುವಿನ ಕಾಲವನ್ನು ಹುಡುಗಿ ಎಲ್ಲಿ ಕಳೆಯಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ವರದಕ್ಷಿಣೆಯನ್ನೂ ಮುಚ್ಚಿಡುವಂತಿಲ್ಲ. ಮಗಳು ಹತ್ತು ಓದಿದರೆ ವರ ಪಿಯುಸಿಯಾದರೂ ಓದಿರಬೇಕು, ಪಿಯುಸಿ ಓದಿದವನು ಕೇಳುವ ತೊಲೆ ಬೇರೆ. ಈ ಲೆಕ್ಕವನ್ನು ತಂದೆ ಮಗಳು ಏಳರಲ್ಲಿರುವಾಗಲೇ ಹಾಕಿರುತ್ತಾನೆ. ಇದೊಂದು ಕಡೆ ನಾನು ಪಾಲಕರನ್ನು ಬಿಟ್ಟುಕೊಡುವುದಿಲ್ಲ, ಅವರ ಜೊತೆ ಜಗಳವನ್ನೇ ಆಡಬೇಕು. ಗಂಡುಮಕ್ಕಳ ತಂದೆ-ತಾಯಿಗಳ ಜೊತೆ ಮೊದಲು.

ದುಡಿಮೆಯ ಲೆಕ್ಕ ಇನ್ನೊಂದು. ನಮ್ಮ ಶಾಲೆಯ ವರ್ಷವೂ ನಮ್ಮ ಹೊಲದ ವರ್ಷವೂ ಹೊಂದಿಕೊಂಡಿಲ್ಲ. ದೀಪಾವಳಿ ಮುಗಿಯುತ್ತಲೇ ಹತ್ತಿ ಬಿಡಿಸುವ ಕೆಲಸ ಬರುತ್ತದೆ. ಹತ್ತಿಗೆ ಸಣ್ಣ ಕೈಯೇ ಬೇಕೆಂದು ಹುಡುಗಿಯರನ್ನು ಟಂಟಂನಲ್ಲಿ ತುಂಬಿಕೊಂಡು ಹೋಗುತ್ತಾರೆ. ಆಮೇಲೆ ತೊಗರಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಾಗ ಎಲ್ಲರೂ ಸಂತೋಷಪಟ್ಟೆವು, ನಾನೂ ಪಟ್ಟೆ. ಆ ತೊಗರಿಯ ರಾಶಿಯ ದಿನಗಳಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರ ಬೆಂಚುಗಳು ಖಾಲಿ ಇರುತ್ತವೆ. ಅದು ಮುಗಿಯುವಷ್ಟರಲ್ಲಿ ಬಿಳಿಜೋಳದ ಕೊಯ್ಲು. ಹುಡುಗನೂ ಕೆಲಸಕ್ಕೆ ಹೋಗುತ್ತಾನೆ, ಆದರೆ ಹಾಗೆ ಹೋದವನ ಕೂಲಿ ಎದ್ದು ಕಾಣುತ್ತದೆ. ಹುಡುಗಿಯ ದುಡಿಮೆ ಬಹುಪಾಲು ಮನೆಯೊಳಗೇ ನಡೆಯುವುದರಿಂದ ಅದನ್ನು ಯಾರೂ ದುಡಿಮೆಯೆಂದು ಎಣಿಸುವುದಿಲ್ಲ. ತಾಯಿ ಹೊಲಕ್ಕೆ ಹೋಗಬೇಕಾದರೆ ಮನೆಯಲ್ಲಿ ಮಗಳಿರಬೇಕು.

ತಾಂಡಾಗಳಲ್ಲಿ ಇದು ಇನ್ನೂ ಕಠಿಣ. ತಂದೆ-ತಾಯಿ ಮುಂಗಡ ಹಿಡಿದು ಕಬ್ಬಿನ ಗ್ಯಾಂಗಿನ ಜೊತೆ ಹೋಗುತ್ತಾರೆ, ಇಲ್ಲವೇ ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡದ ಕೆಲಸಕ್ಕೆ. ಆರು ತಿಂಗಳು ಮನೆ ಬೀಗ ಹಾಕಿರುತ್ತದೆ. ಮಗಳನ್ನು ಅಜ್ಜಿಯ ಬಳಿ ಬಿಟ್ಟು ಹೋಗಬೇಕೇ, ಜೊತೆಗೆ ಕರೆದುಕೊಂಡು ಹೋಗಬೇಕೇ? ಗಂಡು ಹುಡುಗನನ್ನು ಬಿಟ್ಟುಹೋಗುತ್ತಾರೆ. ಹುಡುಗಿಯನ್ನು ಬಿಡಲು ಅಂಜಿಕೆ, ಕರೆದೊಯ್ದರೆ ಅಲ್ಲಿ ಅಡುಗೆಗೆ, ಕೂಸಿಗೆ ಆಸರೆ. ಸಣ್ಣ ಮಕ್ಕಳಿಗಾದರೆ ಟೆಂಟ್ ಶಾಲೆ, ಋತುಮಾನ ಶಾಲೆ ಅಂತ ಏನೋ ಒಂದು ಇದೆ; ಎಂಟನೆಯ ತರಗತಿಯ ಬೀಜಗಣಿತವನ್ನು ಕಲಿಸುವ ಟೆಂಟ್ ಎಲ್ಲಿದೆ? ಯುಗಾದಿಗೆ ಊರಿಗೆ ಬಂದಾಗ ಪರೀಕ್ಷೆ ಮುಗಿದಿರುತ್ತದೆ, ಹೆಸರು ಹಾಜರಿಯಿಂದ ಕಳಚಿರುತ್ತದೆ. 2002ರಲ್ಲಿ ಬಿಸಿಯೂಟ ರಾಜ್ಯದಲ್ಲಿ ಮೊದಲು ಶುರುವಾದದ್ದು ನಮ್ಮ ಈ ಈಶಾನ್ಯದ ಜಿಲ್ಲೆಗಳಲ್ಲಿ, 2007ರಲ್ಲಿ ಪ್ರೌಢಶಾಲೆಗೂ ಬಂತು. ಹಸಿವಿಗೆ ಅದು ದೊಡ್ಡ ಉತ್ತರವೇ. ಗುಳೆಗೆ ಅದು ಉತ್ತರವಾಗಲಾರದು.

ಆಳಂದದಲ್ಲಿ ಇನ್ನೊಂದು ತೊಡಕಿದೆ, ಅದರ ಮಾತು ಸಭೆಗಳಲ್ಲಿ ಬರುವುದೇ ಇಲ್ಲ. ಲಾಡ್ಲೆ ಮಶಾಕರ ದರ್ಗಾದ ಈ ಊರು, ಈ ತಾಲೂಕು, ಮೂರು ಭಾಷೆಗಳ ನಾಡು. ಗಡಿಯ ಹಳ್ಳಿಗಳಲ್ಲಿ ಮರಾಠಿ ಶಾಲೆಗಳಿವೆ, ದೊಡ್ಡ ಊರುಗಳಲ್ಲಿ ಉರ್ದು ಶಾಲೆಗಳಿವೆ. ಏಳರವರೆಗೆ ಉರ್ದುವಿನಲ್ಲಿ ಓದಿದ ಹುಡುಗಿಗೆ ಊರಿನ ಪ್ರೌಢಶಾಲೆ ಹತ್ತಿರವಿದ್ದರೂ ಅದು ಕನ್ನಡದ್ದು. ಉರ್ದು ಪ್ರೌಢಶಾಲೆ ತಾಲೂಕು ಕೇಂದ್ರದಲ್ಲಿ. ಅಂದರೆ ಬೇರೆಯವರಿಗೆ 5 ಕಿ.ಮೀ. ಇರುವ ದೂರ ಅವಳಿಗೆ 25. ಮನೆಯವರು ಮೊದಲೇ ದೂರಕ್ಕೆ ಅಂಜುವವರು. ಮಾಧ್ಯಮ ಬದಲಿಸಿ ಕನ್ನಡ ಶಾಲೆಗೆ ಸೇರಿದರೆ ವಿಜ್ಞಾನದ ಪುಸ್ತಕದ ಮೊದಲ ಪುಟದಲ್ಲೇ ಎಡವುತ್ತಾಳೆ. ಅಂಥ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ‘ದ್ಯುತಿಸಂಶ್ಲೇಷಣೆ’ ಎಂಬ ಪದವನ್ನು ಉರ್ದು ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದಳು. ಎಂಟನೆಯ ತರಗತಿಯ ಮೊದಲ ಮೂರು ತಿಂಗಳು ಇಂಥ ಮಕ್ಕಳಿಗೆ ಕನ್ನಡದ ಸೇತುಬಂಧ ಪಾಠ ಬೇಕು. ಅವರ ಭಾಷೆ ಬಲ್ಲ ಒಬ್ಬ ಶಿಕ್ಷಕಿ ಕಲಿಸಬೇಕು. ಇದಕ್ಕೆ ಆಗುವ ಖರ್ಚು ಒಂದು ಕೊಠಡಿ ಕಟ್ಟುವ ಖರ್ಚಿಗಿಂತ ಕಡಿಮೆ.

ಹತ್ತನೆಯ ಫಲಿತಾಂಶವನ್ನು ಸಾಮಾನ್ಯವಾಗಿ ಬೇರೆ ವಿಷಯವೆಂದು ನೋಡುತ್ತೇವೆ, ನನಗೆ ಅದೂ ದಾಖಲಾತಿಯ ವಿಷಯವೇ. 2025ರ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ಜಿಲ್ಲೆ ಶೇ. 42.43 ಪಡೆದು ರಾಜ್ಯಕ್ಕೆ ಕೊನೆಯದಾಯಿತು; ಮೊದಲ ಸ್ಥಾನದ ದಕ್ಷಿಣ ಕನ್ನಡ ಶೇ. 91 ದಾಟಿತ್ತು. ನಕಲು ತಡೆಯಲು ಕ್ಯಾಮರಾ ಬಂದದ್ದು ಒಳ್ಳೆಯದೇ ಆಯಿತು. ಆದರೆ ಗಣಿತಕ್ಕೆ ಖಾಯಂ ಶಿಕ್ಷಕರಿಲ್ಲದ, ಇಂಗ್ಲಿಷಿಗೆ ಅರ್ಧ ವರ್ಷ ಅತಿಥಿ ಶಿಕ್ಷಕರನ್ನು ಕಾಯುವ ಶಾಲೆಗಳಿಗೆ ಕ್ಯಾಮರಾ ಮೊದಲು ಬಂತು, ಶಿಕ್ಷಕರು ಆಮೇಲೆ ಎಂದರು. ಓಣಿಯಲ್ಲಿ ಹತ್ತು ಹುಡುಗಿಯರು ಪರೀಕ್ಷೆಗೆ ಕುಳಿತು ಆರು ಜನ ಫೇಲಾದರೆ, ಏಳರಲ್ಲಿರುವ ಹುಡುಗಿಯ ತಂದೆ ಅದನ್ನು ನೋಡುತ್ತಿರುತ್ತಾನೆ. ಮೂರು ವರ್ಷ ಕೆಸರು ತುಳಿದು, ಬಸ್ಸು ಕಾಯ್ದು, ಕೂಲಿ ಬಿಟ್ಟು, ಕಡೆಗೆ ಫೇಲು. ಅವನು ಹಾಕುವ ಲೆಕ್ಕ ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಇದಕ್ಕೆ ಹೊಸದಾಗಿ ಕಂಡುಹಿಡಿಯಬೇಕಾದದ್ದು ಬಹಳ ಇಲ್ಲ. ಬಿಹಾರ 2006ರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಕೊಟ್ಟಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಳೆದು ನೋಡಿದರು. ಸರಿಯಾದ ವಯಸ್ಸಿಗೆ ಪ್ರೌಢಶಾಲೆಗೆ ಬರುವ ಹುಡುಗಿಯರು ಶೇ. 32ರಷ್ಟು ಹೆಚ್ಚಿದ್ದರು, ಹುಡುಗ-ಹುಡುಗಿಯರ ಅಂತರ ಶೇ. 40ರಷ್ಟು ಇಳಿದಿತ್ತು. ಈ ಹೆಚ್ಚಳ ಬಹುಪಾಲು ಕಂಡದ್ದು ಪ್ರೌಢಶಾಲೆಯಿಂದ 3 ಕಿ.ಮೀ.ಗಿಂತ ದೂರದ ಊರುಗಳಲ್ಲಿ. ಬಿಹಾರದ ತಂದೆ-ತಾಯಿಗಳ ಮನಸ್ಥಿತಿ ಒಂದು ಸೈಕಲ್ಲಿಗೆ ಬದಲಾಯಿತೇ? ದಾರಿ ಹತ್ತಿರವಾಯಿತು, ಹುಡುಗಿಯರು ಗುಂಪಾಗಿ ಹೋದರು, ಗುಂಪಾಗಿ ಹೋಗುವವರನ್ನು ಕಂಡು ಊರಿಗೆ ರೂಢಿಯಾಯಿತು. ನಮ್ಮಲ್ಲಿ ಕೊರೊನಾ ಬಂದಾಗ ನಿಂತ ಸೈಕಲ್ ಆಮೇಲೂ ಹಲವು ವರ್ಷ ಬರಲಿಲ್ಲ. ಸೈಕಲ್ ಕೊಡಿ, ಅದು ಓಡುವಂತೆ ಹೊಲದ ದಾರಿಗೆ ಮರಮ್ ಹಾಕಿಸಿ. ಉದ್ಯೋಗ ಖಾತ್ರಿಯ ಹಣದಲ್ಲಿ ಹೊಲದ ದಾರಿಗಳನ್ನು ಮಾಡಿಸಿದ ಪಂಚಾಯಿತಿಗಳು ನಮ್ಮಲ್ಲೇ ಇವೆ, ಶಾಲೆಯ ದಾರಿಯನ್ನು ಆ ಪಟ್ಟಿಯಲ್ಲಿ ಮೊದಲು ಬರೆಯಿರಿ.

ಬಸ್ಸಿನ ಘಟಕದ ವ್ಯವಸ್ಥಾಪಕರೊಂದಿಗೆ ಮುಖ್ಯಗುರುಗಳು ಜೂನ್ ಮೊದಲ ವಾರ ಕೂತು ವೇಳಾಪಟ್ಟಿ ಹೊಂದಿಸಲಿ. ಒಂದು ಊರಿನ ಬಸ್ಸನ್ನು ಮುಕ್ಕಾಲು ತಾಸು ಹಿಂದೆ ಮುಂದೆ ಮಾಡಿದ್ದರಿಂದ ಎಂಟು ಹುಡುಗಿಯರು ಶಾಲೆಗೆ ಮರಳಿದ್ದನ್ನು ಬಲ್ಲೆ. ಎಸ್‌ಎಟಿಎಸ್‌ನಲ್ಲಿ, ಅಂದರೆ ಇಲಾಖೆಯ ಕಂಪ್ಯೂಟರ್ ದಾಖಲೆಯಲ್ಲಿ, ಈಗ ಪ್ರತಿ ಮಗುವಿಗೂ ಒಂದು ಸಂಖ್ಯೆ ಇದೆ. ಏಳರಿಂದ ಹೊರಟ ಯಾವ ಸಂಖ್ಯೆ ಎಂಟಕ್ಕೆ ಸೇರಿಲ್ಲವೆಂದು ಕಂಪ್ಯೂಟರಿಗೆ ಜುಲೈಯಲ್ಲೇ ಗೊತ್ತಿರುತ್ತದೆ. ಆ ಹೆಸರುಗಳನ್ನು ಬಿಇಒ ಕಚೇರಿ ಪಿಡಿಒ ಕೈಗೆ ಕೊಡಬೇಕು. ಪಿಡಿಒ ಬಾಲ್ಯವಿವಾಹ ನಿಷೇಧಾಧಿಕಾರಿಯೂ ಹೌದು. ಮದುವೆಯ ಹಂದರಕ್ಕೆ ಓಡುವುದಕ್ಕಿಂತ ಎರಡು ವರ್ಷ ಮೊದಲೇ ಆ ಮನೆಗೆ ಹೋಗಿ ಬರುವುದು ಅವರಿಗೂ ಸುಲಭ. ಏಳನೆಯ ತರಗತಿಯ ಶಾಲೆಯೂ ಹುಡುಗಿ ಮುಂದಿನ ಶಾಲೆಯಲ್ಲಿ ಕುಳಿತದ್ದು ಖಾತ್ರಿಯಾಗುವ ತನಕ ಅವಳನ್ನು ತನ್ನವಳೆಂದೇ ಎಣಿಸಬೇಕು. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ, ಅಲ್ಲಿ ಈ ಕಂದಕವೇ ಇಲ್ಲ, ಆದ್ದರಿಂದ ನನಗೆ ಅವು ಇಷ್ಟ. ಆದರೆ ಅವುಗಳ ಹೆಸರಿನಲ್ಲಿ ಸುತ್ತಲಿನ ಸಣ್ಣ ಶಾಲೆಗಳನ್ನು ಸೇರಿಸಿ ಮುಚ್ಚಲು ಹೊರಟರೆ ಈಗ ಏಳರ ನಂತರ ಬೀಳುವ ಹುಡುಗಿ ಮೂರರ ನಂತರವೇ ಬೀಳುತ್ತಾಳೆ.

ಕಡೆಯದಾಗಿ, ನಾನು ಬಹಳ ದಿನದಿಂದ ಕೇಳುತ್ತಿರುವ ಒಂದು ಬೇಡಿಕೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಆದರ್ಶ ವಿದ್ಯಾಲಯಗಳಿಗೂ ಮಕ್ಕಳನ್ನು ತೆಗೆದುಕೊಳ್ಳುವುದು ಆರನೆಯ ತರಗತಿಗೆ, ಐದರಲ್ಲಿರುವಾಗ ಬರೆಸುವ ಪ್ರವೇಶ ಪರೀಕ್ಷೆಯಿಂದ. ಐದರಲ್ಲಿರುವ ಹುಡುಗಿಯ ಮನೆಯವರಿಗೆ ವಸತಿ ಶಾಲೆ ಬೇಕೆನಿಸುವುದೇ ಇಲ್ಲ, ಯಾಕೆಂದರೆ ಶಾಲೆ ಆಗ ಊರಲ್ಲೇ ಇರುತ್ತದೆ. ಬೇಕಾಗುವುದು ಏಳು ಮುಗಿದ ಮೇಲೆ. ಆಗ ಬಾಗಿಲು ಹಾಕಿರುತ್ತದೆ. ಶೈಕ್ಷಣಿಕವಾಗಿ ಹಿಂದುಳಿದ ತಾಲೂಕುಗಳ ಹುಡುಗಿಯರಿಗೆಂದೇ 2004ರಲ್ಲಿ ಬಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳೂ ಮೊದಲಿಗೆ ಆರರಿಂದ ಎಂಟರವರೆಗೆ ಮಾತ್ರ ಇದ್ದವು. 2018ರ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಹನ್ನೆರಡರವರೆಗೆ ಬೆಳೆಸಲು ಅವಕಾಶ ಸಿಕ್ಕಿತು. ದಿನಾ ಬಸ್ಸಿಗೆ ಕಳಿಸಲು ಅಂಜುವ ತಾಯಿ ಹಾಸ್ಟೆಲ್ಲಿಗೆ ಕಳಿಸಲು ಒಪ್ಪುತ್ತಾಳೆ. ವಾರ್ಡನ್ ಹೆಂಗಸಾಗಿದ್ದರೆ, ಅಮಾವಾಸ್ಯೆಗೊಮ್ಮೆ ಹೋಗಿ ನೋಡಿಬರಲು ಬಿಟ್ಟರೆ, ಗುಳೆ ಹೋಗುವವರಂತೂ ಕೈಮುಗಿದು ಒಪ್ಪುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿ, ಅದರಿಂದ ಈಗ ಬೇರೆಯಾಗಿರುವ ಯಡ್ರಾಮಿ, ಈ ನಾಲ್ಕೂ ತಾಲೂಕುಗಳ ವಸತಿ ಶಾಲೆಗಳಲ್ಲಿ ಎಂಟನೆಯ ತರಗತಿಗೆ ಹುಡುಗಿಯರಿಗಾಗಿ ಇನ್ನೊಂದು ವಿಭಾಗ ತೆರೆಯಬೇಕು, ಪ್ರವೇಶ ಪರೀಕ್ಷೆ ಇಲ್ಲದೆ, ಊರಿನಿಂದ ಪ್ರೌಢಶಾಲೆ ಎಷ್ಟು ದೂರ ಎಂಬುದೊಂದನ್ನೇ ನೋಡಿ. ನಿಯಮದಲ್ಲಿ ಹಾಗೆ ಇಲ್ಲ ಎಂದು ನನಗೆ ಉತ್ತರ ಬಂದಿದೆ. ಆರನೆಯ ತರಗತಿಗೆ ಎಂಬ ನಿಯಮವನ್ನೂ ಒಂದು ದಿನ ಯಾರೋ ಕೂತು ಬರೆದದ್ದೇ. ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ನಿಯಮ ಬರೆಯಬಹುದೆಂದು ಸಂವಿಧಾನದಲ್ಲೇ ಒಪ್ಪಿಸಿಕೊಂಡು ಬಂದವರು ನಾವು. ಈ ಬೇಡಿಕೆಯ ಅರ್ಜಿಯ ಪ್ರತಿಗಳನ್ನು ತಂದಿದ್ದೇನೆ, ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಮೇಲೆ ಇರುತ್ತವೆ. ಸಹಿ ಬಾರದ ತಾಯಂದಿರು ಹೆಬ್ಬೆಟ್ಟು ಒತ್ತಬಹುದು, ಇಂಕಿನ ಪ್ಯಾಡೂ ಇದೆ.